ಇಸಬ್‌ಗೋಲ್: ಸಾದಾ ಹೊಟ್ಟೋ, ಕಿತ್ತಳೆ ರುಚಿಯ ಪುಡಿಯೋ?

ಮಂಗಳೂರಿನ ಮೆಡಿಕಲ್‌ಗಳಲ್ಲಿ ಇಸಬ್‌ಗೋಲ್ ಕೇಳಿದರೆ ಸಾದಾ ಬಿಳಿ ಹೊಟ್ಟೂ ಸಿಗುತ್ತದೆ, ಕಿತ್ತಳೆ ರುಚಿಯ ಪುಡಿಯೂ ಸಿಗುತ್ತದೆ. ಐಬಿಎಸ್ (ಹೊಟ್ಟೆನೋವಿನ ಜೊತೆ ಮಲಬದ್ಧತೆಯೋ ಭೇದಿಯೋ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ) ಇರುವವರು ಸಾದಾ ಹೊಟ್ಟನ್ನೇ ಕೊಳ್ಳಿ. ಪುಡಿಗೆ ಸಕ್ಕರೆ ಬೆರೆಸಿದ್ದರೆ ಅದೇ ಚಮಚದಲ್ಲಿ ನಾರಿನ ಪಾಲು ಕಡಿಮೆ. ಸಕ್ಕರೆ ಇಲ್ಲ ಎಂದು ಬರೆದಿದ್ದರೆ ಡಬ್ಬಿಯ ಹಿಂಬದಿ ಓದಿ. ಸಾರ್ಬಿಟಾಲ್ ಎಂಬ ಸಿಹಿಕಾರಕ ಇದ್ದರೆ ಬೇಡವೇ ಬೇಡ, ಅದು ದೊಡ್ಡ ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುತ್ತದೆ.

ಕಾಮಕಸ್ತೂರಿ ಬೀಜ ನೆನೆಹಾಕಿ ನೋಡಿದವರಿಗೆ ಇಸಬ್‌ಗೋಲ್‌ನ ಗುಣ ಗೊತ್ತು. ಇದು ಕರಗುವ ನಾರು, ನೀರು ಹೀರಿ ಲೋಳೆಯಾಗುತ್ತದೆ. ಗಟ್ಟಿ ಮಲವನ್ನು ಮೆತ್ತಗಾಗಿಸುತ್ತದೆ, ನೀರಾಗಿ ಹೋಗುವುದನ್ನು ಹಿಡಿದು ನಿಲ್ಲಿಸುತ್ತದೆ. ಗೋಧಿ ತೌಡು ಹೀಗಲ್ಲ, ಕರಗದ ನಾರು. ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. 2021ರ ಅಮೆರಿಕನ್ ಜಠರ-ಕರುಳು ತಜ್ಞರ ಮಾರ್ಗಸೂಚಿಯೂ ಐಬಿಎಸ್‌ಗೆ ಹೇಳಿದ್ದು ಕರಗುವ ನಾರನ್ನೇ.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ಮೊದಲ ದಿನವೇ ಎರಡು ದೊಡ್ಡ ಚಮಚ ನುಂಗಿ, ಹೊಟ್ಟೆ ಉಬ್ಬರಿಸಿತೆಂದು ಡಬ್ಬಿ ಎಸೆಯುತ್ತಾರೆ. ಮೊದಲ ವಾರ ಅರ್ಧ ಟೀ ಚಮಚ ಸಾಕು. 250 ಮಿಲಿ ನೀರಿಗೆ ಹಾಕಿ, ಕಲಕಿ, ದಪ್ಪವಾಗುವ ಮೊದಲೇ ಕುಡಿದು, ಮೇಲೆ ಅರ್ಧ ಲೋಟ ನೀರು ಕುಡಿಯಿರಿ. ವಾರಕ್ಕೆ ಅರ್ಧ ಚಮಚದಂತೆ ಏರಿಸಿ ಎರಡು ಟೀ ಚಮಚಕ್ಕೆ ನಿಲ್ಲಿಸಿ. ಒಣಗಿದ್ದನ್ನು ಬಾಯಿಗೆ ಹಾಕಬೇಡಿ, ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ. ಕುಡಿದ ಕೂಡಲೇ ಮಲಗಲೂ ಬೇಡಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಎರಡು ಗಂಟೆ, ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ ಅಂತರವಿರಲಿ. ನಾಲ್ಕು ವಾರ ನೋಡದೆ ತೀರ್ಮಾನಿಸಬೇಡಿ. ಬೆಳಗ್ಗೆ ಕಡ್ಲೆ ಬಜಿಲ್ (ಕಡಲೆ-ಅವಲಕ್ಕಿ) ತಿಂದ ದಿನದ ಗ್ಯಾಸನ್ನು ಹೊಟ್ಟಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹೊಸತಾಗಿ ಶುರು ಮಾಡಿದ ವಾರದಲ್ಲಿ ಕುಚ್ಚಲಕ್ಕಿ ಗಂಜಿ ಒಳ್ಳೆಯದು.

ನಮ್ಮ ಕರಾವಳಿಗೆ ದೊಡ್ಡ ಡಬ್ಬಿ ಹೇಳಿದ್ದಲ್ಲ. ಜೂನ್ ಬಂತೆಂದರೆ ತೆರೆದ ಹೊಟ್ಟು ತೇವ ಹಿಡಿದು ಗಂಟಾಗುತ್ತದೆ, ಆ ಗಂಟು ನೀರಿನಲ್ಲಿ ಸರಿಯಾಗಿ ಬಿಚ್ಚುವುದಿಲ್ಲ. 100 ಗ್ರಾಂನದ್ದು ತಂದು ಬಿಗಿ ಮುಚ್ಚಳದ ಬಾಟಲಿಗೆ ಸುರಿಯಿರಿ, ಚಮಚ ಒಣಗಿರಲಿ.

ಗುದದ ಉರಿ ಗಟ್ಟಿ ಮಲದಿಂದ ಬಂದದ್ದಾದರೆ ಹೊಟ್ಟು ನೆರವಾಗುತ್ತದೆ; ಜೊತೆಗೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ಬರೀ ನೀರಲ್ಲಿ 10-15 ನಿಮಿಷ ಕುಳಿತರೆ ಸ್ನಾಯು ಸಡಿಲವಾಗುತ್ತದೆ. ಡೆಟಾಲ್ ಹಾಕಬೇಡಿ. ಆದರೆ ಮಲ ಮೆತ್ತಗಿದ್ದೂ ತಿಣುಕಬೇಕಾಗುತ್ತಿದ್ದರೆ, ಏನೋ ಒಳಗೇ ಉಳಿದಂತಿದ್ದರೆ, ಸ್ನಾಯು ಸಡಿಲಗೊಳ್ಳದೆ ಇರಬಹುದು. ಆಗ ಹೊಟ್ಟು ಹೆಚ್ಚಿಸಿದಷ್ಟೂ ಕಷ್ಟ ಹೆಚ್ಚು. ಗ್ಯಾಸ್ಟ್ರೋ ಡಾಕ್ಟರರ ಬಳಿ ಬಯೋಫೀಡ್‌ಬ್ಯಾಕ್ (ಆ ಸ್ನಾಯುವನ್ನು ಸಡಿಲಿಸಲು ಕಲಿಸುವ ತರಬೇತಿ) ಬಗ್ಗೆ ಕೇಳಿ. ರಕ್ತ ಹೋಗುವುದು, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಇಸಬ್‌ಗೋಲ್ ಕೊಳ್ಳುವ ಮೊದಲೇ ತೋರಿಸಿಕೊಳ್ಳಿ.