ಬೆರಳು, ಮುಖ, ಕಾರ್ಡು: ನಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೊಂದಿದ ಹಾಜರಿ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಕಾರ್ಡು. ಕೈಯಲ್ಲಿ ಬೀಜ ಕತ್ತರಿಸುವ ಜಾಗದಲ್ಲಿ ಬೆರಳಚ್ಚಿನ ಹಾಜರಿ ನಡೆಯುವುದಿಲ್ಲ. ಎರಡು ತಿಂಗಳು ಒದ್ದಾಡಿ ಈ ಮಾತು ಬರೆಯುತ್ತಿದ್ದೇನೆ.

ಕಾರ್ಕಳ ತಾಲೂಕಿನ ಒಂದು ಸಣ್ಣ ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕಪತ್ರ, ಹಾಜರಿ ಎರಡೂ ನನ್ನ ಕೆಲಸ. 62 ಜನ, ಹೆಚ್ಚಿನವರು ಹೆಂಗಸರು. ಮೊದಲು ಇದ್ದದ್ದು ಹಾಜರಿ ಪುಸ್ತಕ. ಅದರಲ್ಲಿ ತಪ್ಪು ಕಡಿಮೆ, ಕಷ್ಟವೆಲ್ಲ ತಿಂಗಳ ಕೊನೆಗೆ. ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಎರಡರ ಹಣವನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪುಸ್ತಕ ನೋಡಿ ಒಬ್ಬೊಬ್ಬರ ದಿನ ಎಣಿಸಿ ಎಕ್ಸೆಲ್‌ಗೆ ಹಾಕುವಷ್ಟರಲ್ಲಿ ನನಗೆ ಎರಡು ರಾತ್ರಿ ಹೋಗುತ್ತಿತ್ತು. ಅದನ್ನು ನೋಡಿ ಧಣಿಗಳು ಕಳೆದ ಅಕ್ಟೋಬರದಲ್ಲಿ ಬೆರಳಚ್ಚಿನ ಮೆಷಿನ್ ತಂದರು. ಬೆಲೆ 8,200 ರೂಪಾಯಿ. ಕಟಿಂಗ್ ವಿಭಾಗದ ಒಬ್ಬರನ್ನೂ ಕೇಳಿರಲಿಲ್ಲ, ನನ್ನನ್ನೂ ಸೇರಿಸಿ ಯಾರಿಗೂ ಕೇಳಬೇಕೆಂದು ತೋಚಲಿಲ್ಲ.

ಬೀಜದ ಸಿಪ್ಪೆಯೊಳಗಿನ ಎಣ್ಣೆಯ ವಿಷಯ ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಮಕ್ಕಳಿರುವಾಗ ಹಸಿಬೀಜ ಕಚ್ಚಿ ತುಟಿ ಸುಟ್ಟುಕೊಂಡವರೇ ಎಲ್ಲರೂ. ಬೀಜವನ್ನು ಹಬೆಯಲ್ಲಿ ಬೇಯಿಸಿದರೂ ಕತ್ತರಿಸುವಾಗ ಆ ಎಣ್ಣೆ ಬೆರಳಿಗೆ ಹತ್ತುತ್ತದೆ, ಚರ್ಮ ಕಪ್ಪಾಗಿ ಪದರ ಪದರವಾಗಿ ಏಳುತ್ತದೆ. ಹಾಗಾಗಬಾರದೆಂದು ಹರಳೆಣ್ಣೆ ಹಚ್ಚಿಕೊಳ್ಳುತ್ತಾರೆ, ಕೆಲವರು ಬೂದಿ. ಮೆಷಿನ್ ಓದುವುದು ಬೆರಳಿನ ಗೆರೆಗಳ ಏರುತಗ್ಗನ್ನು. ಇಪ್ಪತ್ತು ವರ್ಷ ಕಟಿಂಗ್ ಮಾಡಿದವರ ಬೆರಳಲ್ಲಿ ಆ ಏರು ಸವೆದಿರುತ್ತದೆ, ತಗ್ಗಿನಲ್ಲಿ ಎಣ್ಣೆ ತುಂಬಿರುತ್ತದೆ. ಹತ್ತು ಜನ ಒತ್ತುವಷ್ಟರಲ್ಲಿ ಗಾಜು ಮಂಜಾಗಿ, ಹನ್ನೊಂದನೆಯವರ ಒಳ್ಳೆಯ ಬೆರಳನ್ನೂ ಅದು ಹಿಡಿಯುತ್ತಿರಲಿಲ್ಲ.

ಬೆಳಿಗ್ಗೆ 8ಕ್ಕೆ ಗೇಟಿನಲ್ಲಿ ಸಾಲು. ‘ಟ್ರೈ ಅಗೇನ್ ಪ್ಲೀಸ್’ ಎಂಬ ಧ್ವನಿ ಮತ್ತೆ ಮತ್ತೆ. ನಾನು ಒದ್ದೆ ಬಟ್ಟೆ, ಒಣ ಬಟ್ಟೆ ಎರಡನ್ನೂ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದೆ. ಒಬ್ಬೊಬ್ಬರ ಐದು ಬೆರಳು ದಾಖಲಿಸಿದೆ, ಎಡಗೈ ಕಿರುಬೆರಳನ್ನೂ ಬಿಡಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ಬೆರಳು ದಾಖಲೆಗೆ ಎಷ್ಟು ಹೊಂದಬೇಕೆಂಬ ಮಟ್ಟವನ್ನು ಇಳಿಸಿ ಎಂದರು. ಇಳಿಸಿದ ಮೂರನೇ ದಿನ ಒಬ್ಬರು ಬೆರಳಿಟ್ಟರೆ ಇನ್ನೊಬ್ಬರ ಹೆಸರು ಬಂತು. ಮತ್ತೆ ಏರಿಸಿದೆ. ಕೂಲಿ ಸಿಗುವುದು ಬೀಜದ ತೂಕದ ಮೇಲೆ, ಸಾಲಿನಲ್ಲಿ ಹೋದ ಅರ್ಧ ಗಂಟೆ ಅವರ ಕೂಲಿಯಿಂದಲೇ ಹೋದದ್ದು. ಬೇಸರ ಮಾಡಿಕೊಂಡವರನ್ನು ಹೊಸದಕ್ಕೆ ಒಗ್ಗದವರು ಎಂದು ಆಫೀಸಿನಲ್ಲಿ ಅಂದದ್ದುಂಟು. ಅದು ತಪ್ಪು.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಎರಡು ತಿಂಗಳ ವರದಿ ತೆಗೆದಾಗ ಕಟಿಂಗ್‌ನ ಒಬ್ಬರಿಗೆ 11 ದಿನ ಗೈರು ಬಿದ್ದಿತ್ತು. ಅವರು ಒಂದು ದಿನವೂ ರಜೆ ಮಾಡಿರಲಿಲ್ಲ. “ನಾನು ಬಂದದ್ದು ನಿಮಗೆ ಕಂಡಿದೆ ಅಲ್ವಾ ಅಕ್ಕ, ಮೆಷಿನಿಗೆ ಯಾಕೆ ಕಾಣುವುದಿಲ್ಲ?” ಎಂದು ಕೇಳಿದರು. ಇಎಸ್‌ಐಯಲ್ಲಿ ಅಕ್ಟೋಬರದಿಂದ ಮಾರ್ಚ್‌ವರೆಗಿನ ಆರು ತಿಂಗಳಿಗೆ ಕಡಿಮೆಯೆಂದರೆ 78 ದಿನದ ವಂತಿಗೆ ಇದ್ದರೆ ಮಾತ್ರ ಜುಲೈಯಿಂದ ಡಿಸೆಂಬರ್‌ವರೆಗೆ ಕಾಯಿಲೆ ಬಿದ್ದಾಗ ಕೂಲಿಯ ಶೇ. 70 ಸಿಗುವುದು. ಆಸ್ಪತ್ರೆ, ಮನೆಯ ತಾಪತ್ರಯ ಅಂತ ಮೊದಲೇ ದಿನ ಕಡಿಮೆ ಇರುವವರಿಗೆ ಇಂಥ 11 ದಿನ ಎಂದರೆ ಆ ಹಣವೇ ಕೈತಪ್ಪುವುದು. ಒಬ್ಬೊಬ್ಬರು ದಿನಕ್ಕೆ ತೂಗಿಸಿದ ಬೀಜದ ಲೆಕ್ಕ ಬರೆದಿಡುವ ತೂಕದ ಪುಸ್ತಕ ತೆಗೆದು ಎಲ್ಲರ ದಿನಗಳನ್ನೂ ಒಂದೊಂದಾಗಿ ಸರಿ ಮಾಡಿದೆ. ಅಲ್ಲಿಗೆ ಮೂರು ರಾತ್ರಿ ಹೋಯಿತು, ಹಳೆಯ ಪುಸ್ತಕಕ್ಕಿಂತ ಒಂದು ಹೆಚ್ಚೇ.

ಮುಖ ಗುರುತಿಸುವ ಮೆಷಿನನ್ನು ಒಂದು ವಾರ ನೋಡಲು ತರಿಸಿದೆವು. ನೆರಳಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಮುಟ್ಟಬೇಕಾಗಿಲ್ಲ. ನಮ್ಮ ಗೇಟು ಪೂರ್ವಕ್ಕೆ, ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಿದ್ದಾಗ ಮುಖ ಕಪ್ಪಾಗಿ ಕಾಣುತ್ತಿತ್ತು. ಸಿಪ್ಪೆ ತೆಗೆಯುವ ವಿಭಾಗದವರು ಟೋಪಿ, ಮಾಸ್ಕ್ ಬಿಚ್ಚಿ ಮತ್ತೆ ಹಾಕಿಕೊಳ್ಳಬೇಕು. ಬೆಲೆಯೂ ಹತ್ತಿರ ಹತ್ತಿರ ದುಪ್ಪಟ್ಟು. ವಾಪಸ್ ಕಳಿಸಿದೆವು.

ಕಾರ್ಡಿನ ದಾರಿ ಸಿಕ್ಕಿದ್ದು ಬೆರಳಚ್ಚಿನ ಮೆಷಿನಿನ ಕೈಪಿಡಿಯಲ್ಲೇ. ಅದೇ ಪೆಟ್ಟಿಗೆಯೊಳಗೆ ಕಾರ್ಡ್ ಓದುವ ಸೌಲಭ್ಯ ಇತ್ತು! ಈ ಬಗೆಯ ಬಹಳಷ್ಟು ಮೆಷಿನ್‌ಗಳಲ್ಲಿ ಇರುತ್ತದೆ, ಮಾರುವಾಗ ಯಾರೂ ಹೇಳುವುದಿಲ್ಲ. ತಲಾ 18 ರೂಪಾಯಿಯ 70 ಕಾರ್ಡು, ಒಟ್ಟು 1,260. ಹಿಡಿದರೆ ಸಾಕು, ‘ಥ್ಯಾಂಕ್ ಯೂ’. ಎಣ್ಣೆ ಕೈಯಾದರೂ ಒದ್ದೆ ಕೈಯಾದರೂ ಅದಕ್ಕೆ ಲೆಕ್ಕವಿಲ್ಲ.

ಈ ಸಲ ಮೊದಲು ಕಟಿಂಗ್‌ನ ಹಿರಿಯರನ್ನು ಕೂರಿಸಿ ಕೇಳಿದೆ. ಕಾರ್ಡು ಮನೆಗೆ ಹೋದರೆ ಮರೆತು ಬರುತ್ತೇವೆ, ಇಲ್ಲೇ ಗೂಡು ಮಾಡಿ ಎಂದದ್ದು ಅವರೇ. ಗೇಟಿನ ಪಕ್ಕ ಗೂಡು ಮಾಡಿಸಿದೆವು. ಓದು ಬಾರದವರಿಗಾಗಿ ಬಣ್ಣದ ಚೀಟಿ ಅಂಟಿಸಿದೆ. 15 ದಿನ ಪುಸ್ತಕವನ್ನೂ ಜೊತೆಗಿಟ್ಟು ಎರಡನ್ನೂ ತಾಳೆ ನೋಡಿದೆ, ಆಮೇಲೆ ಪುಸ್ತಕ ನಿಲ್ಲಿಸಿದೆ.

ಒಬ್ಬರ ಕಾರ್ಡು ಇನ್ನೊಬ್ಬರು ಹಿಡಿಯಬಹುದಲ್ಲ ಎಂದು ಧಣಿಗಳು ಕೇಳಿದರು. ಹಿಡಿಯಬಹುದು. ಆದರೆ ಸಂಜೆ ಬೀಜ ತೂಗಿಸದವರು ಆ ದಿನ ಬಂದಿಲ್ಲ, ಅಷ್ಟೇ. ತೂಕದ ಪುಸ್ತಕಕ್ಕೂ ಕಾರ್ಡಿನ ಪಟ್ಟಿಗೂ ತಾಳೆ ನೋಡಲು ನನಗೆ ದಿನಕ್ಕೆ ಹತ್ತು ನಿಮಿಷ ಸಾಕು. ತಿಂಗಳ ಸಂಬಳದ ಕಡೆ ಈ ತಾಳೆ ಸಿಗುವುದಿಲ್ಲ, ಅಲ್ಲಿ ನಮ್ಮ ಕ್ರಮ ಹಿಡಿಸಲಿಕ್ಕಿಲ್ಲ. ಆಟೋಮ್ಯಾಟಿಕ್ ಕಟಿಂಗ್ ಇದ್ದು ಕೈಗೆ ಎಣ್ಣೆ ಹತ್ತದಿದ್ದರೆ ಬೆರಳಚ್ಚೂ ನಡೆದೀತು.

ನಮ್ಮಲ್ಲಿ ಈಗ ಬೆರಳು ಒತ್ತುವವರು ಆಫೀಸಿನ ನಾಲ್ಕು ಜನ ಮಾತ್ರ. ಉಳಿದ 58 ಕಾರ್ಡುಗಳು 8 ಗಂಟೆ 5 ನಿಮಿಷಕ್ಕೆ ಗೂಡಿಗೆ ವಾಪಸ್ ಬಂದಿರುತ್ತವೆ.