ಒಂದು ಕಿವಿ ಇದ್ದಕ್ಕಿದ್ದಂತೆ ಕಟ್ಟಿತೇ? ಗುಗ್ಗೆ ಎಂದುಕೊಂಡು ದಿನ ದೂಡಬೇಡಿ

ಒಬ್ಬರಿಗೆ ಬೆಳಗ್ಗೆ ಎದ್ದಾಗ ಎಡಗಿವಿ ಕಟ್ಟಿತ್ತು. ನೋವಿಲ್ಲ, ಸೋರಿಕೆಯಿಲ್ಲ, ಜ್ವರವೂ ಇಲ್ಲ. ಒಳಗೆ ಗುಂಯ್ ಎನ್ನುವ ಸದ್ದು ಮಾತ್ರ. ಫೋನನ್ನು ಆ ಕಿವಿಗೆ ಹಿಡಿದರೆ ಮಾತು ಬರಲಿಲ್ಲ, ಫೋನೇ ಕೆಟ್ಟಿದೆ ಅಂದುಕೊಂಡರು. ಔಷಧಿ ಅಂಗಡಿಯವರು ಗುಗ್ಗೆ ಕರಗಿಸುವ ಹನಿ ಕೊಟ್ಟರು, ಐದು ದಿನ ಹಾಕಿದ್ದಾಯಿತು. ಆಮೇಲೆ ನೆಗಡಿಯಿಂದ ಕಟ್ಟಿರಬೇಕು ಎಂದು ಒಂದು ವಾರ ಶೀತದ ಮಾತ್ರೆ. ಕೇಳ್ಮೆ ಅಳೆಯುವ ಪರೀಕ್ಷೆ, ಅಂದರೆ ಆಡಿಯೋಗ್ರಾಂ, ಆಗುವ ಹೊತ್ತಿಗೆ ಮೂರನೇ ವಾರ ಮುಗಿದಿತ್ತು. ಎಡಗಿವಿಗೆ 70 ಡೆಸಿಬಲ್‌ಗಿಂತ ಮೆಲ್ಲಗಿನ ಸದ್ದು ಕೇಳುತ್ತಿರಲಿಲ್ಲ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬಲ್ ಇರುತ್ತದೆ, ಅಂದರೆ ಪಕ್ಕದಲ್ಲಿ ಕೂತವರ ಮಾತೂ ಆ ಕಿವಿಗೆ ಮುಟ್ಟುತ್ತಿರಲಿಲ್ಲ. ಚಿಕಿತ್ಸೆ ಶುರುವಾಯಿತು, ಆದರೆ ಹೋದದ್ದರಲ್ಲಿ ಹೆಚ್ಚಿನ ಪಾಲು ವಾಪಸು ಬರಲಿಲ್ಲ.

ಈ ಕಥೆಯಲ್ಲಿ ಯಾರೂ ದುಷ್ಟರಲ್ಲ. ಕಿವಿ ಕಟ್ಟಿತೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಗುಗ್ಗೆ, ಇಲ್ಲವೇ ನೆಗಡಿ. ಹೆಚ್ಚಿನ ಸಲ ಅದು ನಿಜವೂ ಹೌದು. ಅದಕ್ಕೇ ಉಳಿದ ಕೆಲವು ಸಲ ತಪ್ಪಿಹೋಗುತ್ತದೆ.

ಇದು ಒಳಗಿವಿಯ ಹಠಾತ್ ಕಿವುಡು. ವೈದ್ಯರ ಲೆಕ್ಕದಲ್ಲಿ, 72 ಗಂಟೆಯೊಳಗೆ, ಒಂದರ ಪಕ್ಕ ಒಂದಿರುವ ಮೂರು ಆವರ್ತನಗಳಲ್ಲಿ, ಅಂದರೆ ಸದ್ದಿನ ಸ್ಥಾಯಿಗಳಲ್ಲಿ, 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಕೇಳ್ಮೆ ಕುಸಿದರೆ ಅದು ಈ ಗುಂಪಿಗೆ ಸೇರುತ್ತದೆ. ಬಹುಪಾಲು ಜನರಲ್ಲಿ ಕಾರಣ ಸಿಗುವುದೇ ಇಲ್ಲ. ವೈರಸ್ ಸೋಂಕು, ರಕ್ತ ಪೂರೈಕೆಯ ತೊಡಕು ಎಂಬ ಅನುಮಾನಗಳಿವೆ. ಒಳಗಿವಿಗೆ ರಕ್ತ ಬರುವುದು ಒಂದೇ ಸಣ್ಣ ಅಪಧಮನಿಯಿಂದ, ಬದಲಿ ದಾರಿಯಿಲ್ಲ. ಕಾಕ್ಲಿಯಾ ಎಂಬ ಒಳಗಿವಿಯ ಸುರುಳಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದೂ ಇಲ್ಲ. ಕೆಲವರಿಗೆ ತಾನಾಗಿಯೇ ಸುಧಾರಿಸುತ್ತದೆ, ಆದರೆ ಯಾರಿಗೆ ಸುಧಾರಿಸುತ್ತದೆ ಎಂದು ಮೊದಲೇ ಹೇಳಲಾಗದು. ಕಾದು ನೋಡುವುದು ಜೂಜು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಾಯಿ ಮುಚ್ಚಿ ‘ಮ್‌ಮ್‌ಮ್’ ಎಂದು ತಗ್ಗಿದ ದನಿಯಲ್ಲಿ ಗುನುಗಿ. ದನಿ ಯಾವ ಕಿವಿಯಲ್ಲಿ ಜೋರಾಗಿ ಕೇಳುತ್ತದೆ ಗಮನಿಸಿ. ಕಟ್ಟಿದ ಕಿವಿಯಲ್ಲೇ ಜೋರಾಗಿದ್ದರೆ ಗುಗ್ಗೆ ಅಥವಾ ನಡುಗಿವಿಯ ನೀರು ಇರುವ ಸಾಧ್ಯತೆ ಹೆಚ್ಚು. ಒಳ್ಳೆಯ ಕಿವಿಯ ಕಡೆಗೆ ಹೋದರೆ ಒಳಗಿವಿಯ ತೊಂದರೆ ಎಂದೇ ಅನುಮಾನಿಸಿ. ವ್ಯತ್ಯಾಸ ಹೇಗಿರುತ್ತದೆ ಎಂದು ತಿಳಿಯಬೇಕಾದರೆ, ಕಿವಿ ಸರಿಯಿರುವ ಯಾರಿಗಾದರೂ ಒಂದು ಕಿವಿಗೆ ಬೆರಳಿಟ್ಟು ಗುನುಗಲು ಹೇಳಿ. ಮುಚ್ಚಿದ ಕಡೆಯೇ ದನಿ ತುಂಬಿಕೊಳ್ಳುತ್ತದೆ. ವೈದ್ಯರು 512 ಹರ್ಟ್ಜ್ ಟ್ಯೂನಿಂಗ್ ಫೋರ್ಕನ್ನು ಹಣೆಯ ಮೇಲಿಟ್ಟು ನೋಡುವುದೂ ಇದನ್ನೇ. ಆದರೆ ಗುನುಗಿದ ಫಲಿತಾಂಶ ಏನೇ ಬರಲಿ, ಹಠಾತ್ತಾಗಿ ಕೇಳ್ಮೆ ಹೋಗಿದ್ದರೆ ಆಡಿಯೋಗ್ರಾಂ ಬಿಡಬೇಡಿ.

ವೈದ್ಯರ ಬಳಿ ಹೋದಾಗ ಸುಮ್ಮನೆ ‘ಕಿವಿ ಕಟ್ಟಿದೆ’ ಅನ್ನಬೇಡಿ. ಹಾಗೆಂದರೆ ಮುಂದಿನ ವಾರದ ದಿನಾಂಕ ಕೊಟ್ಟು ಕಳಿಸುತ್ತಾರೆ. ‘ನಿನ್ನೆ ಬೆಳಗ್ಗೆಯಿಂದ ಎಡಗಿವಿ ಇದ್ದಕ್ಕಿದ್ದಂತೆ ಕೇಳುತ್ತಿಲ್ಲ, ನೋವಿಲ್ಲ, ಇವತ್ತೇ ಆಡಿಯೋಗ್ರಾಂ ಬೇಕು’ ಎನ್ನಿ. ಕಿವಿಯೊಳಗೆ ನೋಡಿದಾಗ ನಾಳ ಖಾಲಿಯಿದ್ದು ಕಿವಿತಮಟೆ ಸರಿಯಿದ್ದರೆ, ‘ಏನೂ ಇಲ್ಲ’ ಎಂಬ ಮಾತಿಗೆ ಸಮಾಧಾನಪಟ್ಟು ಎದ್ದು ಬರಬೇಡಿ. ಖಾಲಿ ನಾಳವೇ ಇಲ್ಲಿ ಅಪಾಯದ ಗುರುತು. ಸ್ವಲ್ಪ ಗುಗ್ಗೆ ಕಂಡರೂ, ತೆಗೆಸಿದ ತಕ್ಷಣ ಕೇಳ್ಮೆ ಮರಳಬೇಕು. ಮರಳದಿದ್ದರೆ ಕಾರಣ ಗುಗ್ಗೆಯಲ್ಲ. ಆಡಿಯೋಗ್ರಾಂ ವರದಿಯಲ್ಲಿ ಎಡಗಿವಿಗೆ ನೀಲಿ, ಬಲಗಿವಿಗೆ ಕೆಂಪು ಬಣ್ಣ ಬಳಸುವುದು ರೂಢಿ. ಗಾಳಿಯ ಮೂಲಕ ಮತ್ತು ಮೂಳೆಯ ಮೂಲಕ ಅಳೆದ ಎರಡು ಗೆರೆಗಳೂ ಒಟ್ಟಿಗೆ ಕೆಳಗಿಳಿದಿದ್ದರೆ ತೊಂದರೆ ಒಳಗಿವಿಯದು ಅಥವಾ ನರದ್ದು.

ಚಿಕಿತ್ಸೆ ಸ್ಟೀರಾಯ್ಡ್. ಮಾತ್ರೆಯಾದರೆ ರೂಢಿಯಲ್ಲಿರುವುದು ದೇಹತೂಕದ ಕಿಲೋಗೆ 1 ಮಿಲಿಗ್ರಾಂ ಪ್ರೆಡ್ನಿಸೋಲೋನ್, ದಿನಕ್ಕೆ ಗರಿಷ್ಠ 60. ಒಂದೆರಡು ವಾರ ಕೊಟ್ಟು ನಿಧಾನವಾಗಿ ಇಳಿಸುತ್ತಾರೆ. ಮೊದಲ ಎರಡು ವಾರದೊಳಗೆ ಶುರುವಾದರೆ ಫಲದ ಸಾಧ್ಯತೆ ಹೆಚ್ಚು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಅದು ಫಲಿಸದಿದ್ದರೆ, ತೊಂದರೆ ಶುರುವಾದ 2ರಿಂದ 6 ವಾರದ ನಡುವೆ ಕಿವಿತಮಟೆಯ ಮೂಲಕ ನಡುಗಿವಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದುಂಟು. ಮೇಲಿನ ವ್ಯಕ್ತಿಗೆ ಸಿಕ್ಕಿದ್ದು ಈ ತಡವಾದ ಬಾಗಿಲು ಮಾತ್ರ. ಈ ಪ್ರಮಾಣ ಓದಿ ನೀವೇ ಮಾತ್ರೆ ನುಂಗಬೇಡಿ, ದಯವಿಟ್ಟು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಟ್ಟೆಹುಣ್ಣು ಇರುವವರಿಗೆ ಸ್ಟೀರಾಯ್ಡ್ ಬೇರೆಯೇ ಲೆಕ್ಕ ಬೇಡುತ್ತದೆ, ಅಂಥವರಿಗೆ ಚುಚ್ಚುಮದ್ದನ್ನೇ ಮೊದಲು ಆರಿಸುವುದೂ ಇದೆ.

ಕಿವುಡಿನ ಜೊತೆ ತಲೆ ಗಿರ್ರನೆ ತಿರುಗಿ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಎರಡೆರಡು ಕಂಡರೆ ಕಿವಿ ವೈದ್ಯರಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ. ಅದು ಪಾರ್ಶ್ವವಾಯು ಇರಬಹುದು.

ಕೇಳ್ಮೆ ಪೂರ್ತಿ ಮರಳಿದರೂ ಎಂಆರ್‌ಐ ತಪ್ಪಿಸಬೇಡಿ. ಶ್ರವಣ ನರದ ಪಕ್ಕ ಬೆಳೆಯುವ ಗಡ್ಡೆಯೊಂದು ಕೆಲವೊಮ್ಮೆ ಹೀಗೇ ಮೊದಲು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಮುಗಿದಾಗ ಒಮ್ಮೆ, ಆರು ತಿಂಗಳೊಳಗೆ ಮತ್ತೊಮ್ಮೆ ಆಡಿಯೋಗ್ರಾಂ ಮಾಡಿಸಿ.

ಮರಳದೇ ಉಳಿದರೆ? ಒಂದೇ ಕಿವಿಯಲ್ಲಿ ಬದುಕುವವರಿಗೆ ಮೊದಲು ಕಾಡುವುದು ದಿಕ್ಕು. ಕರೆದದ್ದು ಕೇಳುತ್ತದೆ, ಎಲ್ಲಿಂದ ಎಂದು ಗೊತ್ತಾಗುವುದಿಲ್ಲ. ರಸ್ತೆ ದಾಟುವಾಗ ಹಾರ್ನ್ ನಂಬದೆ ಎರಡೂ ಕಡೆ ತಿರುಗಿ ನೋಡಬೇಕು. ಸಭೆಯಲ್ಲಿ ಒಳ್ಳೆಯ ಕಿವಿ ಜನರ ಕಡೆಗೆ, ಕೆಟ್ಟ ಕಿವಿ ಗೋಡೆಯ ಕಡೆಗೆ ಬರುವಂತೆ ಕುಳಿತುಕೊಳ್ಳಿ. ಸ್ವಲ್ಪ ಕೇಳ್ಮೆ ಉಳಿದಿದ್ದರೆ ಸಾಮಾನ್ಯ ಶ್ರವಣ ಸಾಧನವೇ ಸಾಕಾಗಬಹುದು, ಗುಂಯ್ ಸದ್ದನ್ನೂ ಅದು ಹಲವರಲ್ಲಿ ತಗ್ಗಿಸುತ್ತದೆ. ಪೂರ್ತಿ ಹೋಗಿದ್ದರೆ ಕ್ರಾಸ್ ಸಾಧನವಿದೆ: ಕೆಟ್ಟ ಕಿವಿಯ ಕಡೆಯ ಸದ್ದನ್ನು ಹಿಡಿದು ಒಳ್ಳೆಯ ಕಿವಿಗೆ ದಾಟಿಸುತ್ತದೆ. ಆದರೆ ದಿಕ್ಕಿನ ಅರಿವನ್ನು ಅದು ಮರಳಿಸುವುದಿಲ್ಲ, ಗದ್ದಲವಿದ್ದರೆ ಗದ್ದಲವನ್ನೂ ಹೊತ್ತು ತರುತ್ತದೆ. ಕೊಳ್ಳುವ ಮೊದಲು ಕೆಲವು ದಿನ ಹಾಕಿ ನೋಡಲು ಕೊಡಿ ಎಂದು ಕೇಳಿ, ಶಾಂತ ಕೋಣೆಯಲ್ಲಿ ಮಾತ್ರ ಪರೀಕ್ಷಿಸಿ ತೀರ್ಮಾನಿಸಬೇಡಿ.