ಎರಡು ಗಿಟಾರು, ಒಂದು ಪೆನ್ಸಿಲ್

ಹದಿನೈದನೆಯ ವಯಸ್ಸಿನಲ್ಲಿ ನನ್ನ ಬಳಿ ಗಿಟಾರು ಇರಲಿಲ್ಲ, ಅಭಿಪ್ರಾಯಗಳು ಮಾತ್ರ ಧಾರಾಳವಾಗಿದ್ದವು. ಡೀಪ್ ಪರ್ಪಲ್ ದೊಡ್ಡದೋ ಲೆಡ್ ಜೆಪ್ಲಿನ್ ದೊಡ್ಡದೋ ಎಂಬ ಜಗಳದಲ್ಲಿ ನಾನು ಕಟ್ಟಾ ಪರ್ಪಲ್ ಪಕ್ಷದವನು. ಪರ್ಪಲ್ಲಿನ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್ ವೇಗವಾಗಿ ನುಡಿಸುತ್ತಿದ್ದರು, ವೇಗವೇ ವಿದ್ವತ್ತು ಎಂದು ನಾನು ನಂಬಿದ್ದೆ. ಎರಡೂ ಇಂಗ್ಲೆಂಡಿನ ರಾಕ್ ತಂಡಗಳು, ಎರಡೂ ಹುಟ್ಟಿದ್ದು 1968ರಲ್ಲಿ. ಒಂದನ್ನು ಮೆಚ್ಚಿದವನು ಇನ್ನೊಂದನ್ನು ಮೆಚ್ಚಕೂಡದು ಎಂಬ ಕಟ್ಟಳೆಯನ್ನು ಯಾರು ಮಾಡಿದರೋ, ನಾವಂತೂ ನಿಷ್ಠೆಯಿಂದ ಪಾಲಿಸಿದೆವು.

ಮೂವತ್ತರ ಹೊತ್ತಿಗೆ ಪಕ್ಷಾಂತರ ಮಾಡಿದೆ. ಅದಕ್ಕೆ ಕಾರಣ ಜೆಪ್ಲಿನ್ನಿನ ಜಾನ್ ಬಾನಂ ಅವರ ಡ್ರಮ್ಸ್. ಜೆಪ್ಲಿನ್ನಿನ 1971ರ ಆಲ್ಬಮ್ಮಿನ ಕೊನೆಯ ಹಾಡಿಗೆ ಡ್ರಮ್ಮುಗಳನ್ನು ಹಳೆಯ ಬಂಗಲೆಯೊಂದರ ಹಜಾರದಲ್ಲಿ ಇಟ್ಟು, ಮೈಕುಗಳನ್ನು ಮೆಟ್ಟಿಲುಗಳ ಮೇಲಿನಿಂದ ಇಳಿಬಿಟ್ಟು ಮುದ್ರಿಸಿದ್ದರು. ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವ ನಡುವೆ ಆ ಕಟ್ಟಡವೇ ಉಸಿರಾಡಿದಂತೆ ಕೇಳುತ್ತದೆ. ಹದಿನೈದರ ಹುಡುಗನಿಗೆ ಅದು ಬರೀ ನಿಧಾನದ ಹಾಡಾಗಿತ್ತು.

ಐವತ್ತು ದಾಟಿದ ಮೇಲೆ ಮತ್ತೆ ಪರ್ಪಲ್ ಕಡೆಗೆ ಬಂದಿದ್ದೇನೆ, ಈ ಸಲ ಅದರ ಆರ್ಗನ್ ವಾದಕ ಜಾನ್ ಲಾರ್ಡ್ ಅವರ ಸಲುವಾಗಿ. ಹ್ಯಾಮಂಡ್ ಆರ್ಗನ್ನನ್ನು ಅವರು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಗೊಗ್ಗರು ದನಿಯಲ್ಲಿ ನುಡಿಸುತ್ತಿದ್ದರು. ಆ ದಿನಗಳಲ್ಲಿ ಗಿಟಾರೆಂದುಕೊಂಡು ನಾನು ತಲೆದೂಗಿದ ಎಷ್ಟೋ ಜಾಗಗಳು ಆರ್ಗನ್ನಿನವು. ಈಗ ಗಿಟಾರ್ ಸೋಲೋ ಬಂದರೆ, ಬೇಗ ಮುಗಿಯಲಿ, ಲಾರ್ಡ್ ಬರಲಿ ಎಂದು ಕಾಯುತ್ತೇನೆ. ಹಳೆಯ ಗೆಳೆಯರ ಮುಂದೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ತಂಡದ ವಿಷಯದಲ್ಲಿ ಪಕ್ಷಾಂತರಕ್ಕೆ ಖರ್ಚಿಲ್ಲ. ಗಿಟಾರಿನ ವಿಷಯದಲ್ಲಿ ಇದೆ. ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರು ಲೆಸ್ ಪಾಲ್ ಮಾದರಿಯದು, ಎರಡನೆಯದು ಸ್ಟ್ರಾಟೊಕಾಸ್ಟರ್ ಮಾದರಿಯದು. ಎರಡೂ ಮೂಲ ಕಂಪನಿಗಳವಲ್ಲ, ಆ ಅಚ್ಚಿನಲ್ಲಿ ಬೇರೆಯವರು ಮಾಡಿದವು. ಮೊದಲನೆಯದನ್ನು ಕೊಂಡದ್ದು ಜೆಪ್ಲಿನ್ನಿನ ಗಿಟಾರಿಸ್ಟ್ ಜಿಮ್ಮಿ ಪೇಜ್ ಅವರ ಚಿತ್ರ ನೋಡಿ: ಮಂಡಿಯವರೆಗೆ ಇಳಿಬಿದ್ದ ಲೆಸ್ ಪಾಲ್. ಕೊಂಡು ಎಷ್ಟೋ ವರ್ಷಗಳ ಮೇಲೆ ತಿಳಿಯಿತು, ನಾನು ಹಗಲುರಾತ್ರಿ ಕೇಳುತ್ತಿದ್ದ ಜೆಪ್ಲಿನ್ನಿನ ಮೊದಲ ಆಲ್ಬಮ್ಮಿನಲ್ಲಿ ಪೇಜ್ ಹೆಚ್ಚಾಗಿ ನುಡಿಸಿದ್ದು ಟೆಲಿಕಾಸ್ಟರ್ ಎಂಬ ಬೇರೆಯೇ ಗಿಟಾರನ್ನು! ಅಷ್ಟರಲ್ಲಿ ಡೈರ್ ಸ್ಟ್ರೇಟ್ಸ್ ತಂಡದ ಗಿಟಾರಿಸ್ಟ್ ಮಾರ್ಕ್ ನಾಫ್ಲರ್ ಅವರ ಹುಚ್ಚು ಹಿಡಿದಿತ್ತು. ಪಿಕ್ ಬದಿಗಿಟ್ಟು ಬೆರಳಿನಿಂದಲೇ ಮೀಟುವ ಆ ತಿಳಿಯಾದ ದನಿಗಾಗಿ ಸ್ಟ್ರಾಟ್ ಮಾದರಿಯನ್ನು ತಂದೆ. ಆದರೆ ಅವರು ತಂಡದ 1985ರ ಆಲ್ಬಮ್ಮಿನ ಅತಿ ಪ್ರಸಿದ್ಧ ರಿಫ್ಫನ್ನು, ಅಂದರೆ ಮರುಕಳಿಸುವ ಗಿಟಾರಿನ ತುಣುಕನ್ನು, ನುಡಿಸಿದ್ದು ಲೆಸ್ ಪಾಲ್ ಮೇಲೆ. ಎರಡು ಸಲವೂ ನಾನು ಚಿತ್ರ ನೋಡಿ ದನಿ ಕೊಂಡವನು.

ಆದ್ದರಿಂದ ಒಂದು ಸಂಜೆ ಮಹಾನುಭಾವರನ್ನೆಲ್ಲ ಪಕ್ಕಕ್ಕೆ ಸರಿಸಿ ಎರಡನ್ನೂ ಎದುರುಬದುರು ಇಟ್ಟುಕೊಂಡೆ. ಒಂದೇ ಆಂಪ್, ಒಂದೇ ಕೇಬಲ್, ಎರಡಕ್ಕೂ ಒಂದೇ ದಪ್ಪದ ಹೊಸ ತಂತಿಗಳು. ಗಿಟಾರು ಬದಲಿಸುವಾಗ ಆಂಪಿನ ವಾಲ್ಯೂಮನ್ನು ಮಾತ್ರ ಸರಿತೂಗಿಸಿಕೊಳ್ಳಬೇಕು. ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಲೆಸ್ ಪಾಲಿನ ಪಿಕಪ್ಪು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ, ಜೋರಿನದು, ಆದ್ದರಿಂದ ಸರಿತೂಗಿಸದಿದ್ದರೆ ಪರೀಕ್ಷೆ ಶುರುವಾಗುವ ಮೊದಲೇ ಅದು ಗೆದ್ದಿರುತ್ತದೆ.

ಮೊದಲ ವ್ಯತ್ಯಾಸ ಕೇಳಿಸಿದ್ದು ಏನೂ ನುಡಿಸದಿದ್ದಾಗ. ಸ್ಟ್ರಾಟಿನಲ್ಲಿ ಇರುವುದು ಒಂಟಿ ಸುರುಳಿಯ ಮೂರು ಪಿಕಪ್ಪುಗಳು. ಸುರುಳಿ ಎಂದರೆ ಆಂಟೆನಾ ಇದ್ದಂತೆ. ಕೋಣೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿದು ಆಂಪಿಗೆ ಕಳಿಸುತ್ತದೆ. ಕುರ್ಚಿಯಲ್ಲಿ ಕೂತು ಮೆಲ್ಲಗೆ ಸುತ್ತು ತಿರುಗಿದೆ. ಕಂಪ್ಯೂಟರಿನ ಕಡೆ ಮುಖ ಮಾಡಿದರೆ ಜೇನುಗೂಡು, ಕಿಟಕಿಯ ಕಡೆ ತಿರುಗಿದರೆ ಒಂದೇ ಒಂದು ದುಂಬಿ. ಲೆಸ್ ಪಾಲ್ ಹಿಡಿದು ಸುತ್ತಿದರೆ ಎಲ್ಲ ದಿಕ್ಕಿನಲ್ಲೂ ಮೌನ. ಅದರ ಹಂಬಕರ್ ಪಿಕಪ್ಪಿನಲ್ಲಿ ಜೋಡಿ ಸುರುಳಿಗಳಿವೆ. ಒಂದು ಹಿಡಿದ ಗುಂಯ್‌ಕಾರಕ್ಕೆ ಇನ್ನೊಂದು ಹಿಡಿದದ್ದು ತಲೆಕೆಳಗಾಗಿ ಸೇರಿ ಎರಡೂ ಅಳಿಸಿಹೋಗುತ್ತವೆ, ತಂತಿಯ ದನಿ ಮಾತ್ರ ಉಳಿಯುತ್ತದೆ. 1952ರಲ್ಲಿ ಬಂದ ಲೆಸ್ ಪಾಲಿಗೆ 1957ರಲ್ಲಿ ಇದು ಸೇರಿತು. ಮೌನದ ಲೆಕ್ಕದಲ್ಲಿ ಸ್ಟ್ರಾಟ್ ಸೋತಿತು.

ಎರಡನೆಯ ವ್ಯತ್ಯಾಸ ಎಡಗೈ ಬೆರಳಿನ ತುದಿಯದು. ಲೆಸ್ ಪಾಲಿನಲ್ಲಿ ತಂತಿಯ ಕಂಪಿಸುವ ಉದ್ದ ಸುಮಾರು 628 ಮಿಲಿಮೀಟರ್, ಸ್ಟ್ರಾಟಿನಲ್ಲಿ 648. ಎರಡು ಸೆಂಟಿಮೀಟರಿನ ಮಾತು, ಏನು ಮಹಾ ಎನ್ನಿಸಬಹುದು. ಆದರೆ ಅದೇ ತಂತಿಯನ್ನು ಅದೇ ಶ್ರುತಿಗೆ ತರಲು ಸ್ಟ್ರಾಟಿನಲ್ಲಿ ಸುಮಾರು ಶೇಕಡ 6ರಷ್ಟು ಹೆಚ್ಚು ಬಿಗಿಯಬೇಕು. ತಂತಿಯನ್ನು ಪಕ್ಕಕ್ಕೆ ತಳ್ಳಿ ಒಂದು ಸ್ವರದಿಂದ ಮೇಲಿನ ಸ್ವರಕ್ಕೆ ಜಾರುವಾಗ ಲೆಸ್ ಪಾಲ್ ಹೇಳಿದಂತೆ ಕೇಳುತ್ತದೆ, ಸ್ಟ್ರಾಟ್ ಚೌಕಾಸಿ ಮಾಡುತ್ತದೆ. ಈ ಚೌಕಾಸಿಯೇ ನನಗೆ ಹಿಡಿಸಿತು. ಲೆಸ್ ಪಾಲ್ ಮೇಲೆ ನಾನು ಸಿಕ್ಕಸಿಕ್ಕ ಸ್ವರವನ್ನೆಲ್ಲ ಎಳೆಯುತ್ತಿದ್ದೆ, ಅದು ನಾದವನ್ನು ಚೆನ್ನಾಗಿ ಹಿಡಿದಿಡುವುದರಿಂದ ಎಳೆದದ್ದೆಲ್ಲ ಸಂಗೀತದಂತೆಯೇ ಕೇಳುತ್ತಿತ್ತು. ಸ್ಟ್ರಾಟ್ ಅಂಥ ಮುಲಾಜು ಇಟ್ಟುಕೊಂಡಿಲ್ಲ. ಬೆರಳು ಅರ್ಧಂಬರ್ಧ ಒತ್ತಿದ್ದು, ಬಲಗೈ ತಡವರಿಸಿದ್ದು ಎಲ್ಲವನ್ನೂ ಅದು ಸಭೆಗೆ ಹೇಳಿಬಿಡುತ್ತದೆ. ಅದನ್ನು ನುಡಿಸುವಾಗ ನನ್ನ ಕೈ ಕಡಿಮೆ ಸ್ವರ ನುಡಿಸುತ್ತದೆ.

ಪಿಕಪ್ ಆರಿಸುವ ಸ್ವಿಚ್ಚಿನದೂ ಒಂದು ಕಥೆ. 1954ರ ಮೂಲ ಸ್ಟ್ರಾಟಿನಲ್ಲಿ ಅದಕ್ಕೆ ಮೂರೇ ನಿಲುಗಡೆ. ಎರಡು ನಿಲುಗಡೆಗಳ ನಡುವೆ ಅದನ್ನು ಸಿಕ್ಕಿಸಿ ನಿಲ್ಲಿಸಿದರೆ ಎರಡು ಪಿಕಪ್ಪುಗಳು ಒಟ್ಟಿಗೆ ಬಂದು, ಟೊಳ್ಳು ಬಿದಿರನ್ನು ತಟ್ಟಿದಂಥ ದನಿ ಹೊರಡುತ್ತದೆ ಎಂದು ನುಡಿಸುವವರೇ ಕಂಡುಕೊಂಡರು. ಕಂಪನಿ ಐದು ನಿಲುಗಡೆಯ ಸ್ವಿಚ್ ಕೊಟ್ಟದ್ದು 1977ರಲ್ಲಿ. ನನ್ನ ಸ್ವಿಚ್ಚು ವರ್ಷದ ಮುನ್ನೂರು ದಿನ ನಾಲ್ಕನೆಯ ನಿಲುಗಡೆಯಲ್ಲಿ ಕೂತಿರುತ್ತದೆ.

ಭಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಲೆಸ್ ಪಾಲ್ 4.3 ಕಿಲೋ, ಸ್ಟ್ರಾಟ್ 3.4. ಇಪ್ಪತ್ತೈದರಲ್ಲಿ ಈ ಅಂಕಿಗಳಿಗೆ ಅರ್ಥವಿರಲಿಲ್ಲ, ಈಗ ಎಡ ಭುಜ ಅರ್ಥ ಹೇಳಿಕೊಡುತ್ತದೆ.

ಶ್ರುತಿಯ ವಿಷಯದಲ್ಲಿ ಇಬ್ಬರೂ ಕಾಟ ಕೊಡುವವರೇ. ಲೆಸ್ ಪಾಲಿನ ತಲೆ ಹಿಂದಕ್ಕೆ ವಾಲಿದೆ, ತಂತಿಗಳೂ ಅಲ್ಲಿ ಪಕ್ಕಕ್ಕೆ ಹೊರಳುತ್ತವೆ. ಮೂರನೆಯ ತಂತಿ ನಟ್ಟಿನ (ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯ) ತೋಡಿನಲ್ಲಿ ಕಚ್ಚಿಕೊಂಡು, ಬಿರಡೆ ತಿರುಗಿಸಿದರೂ ಏರದೆ ನಿಂತು, ಆಮೇಲೆ ಟಿಣ್ ಎಂದು ಒಮ್ಮೆಲೇ ಹಾರುತ್ತದೆ. ತೋಡಿನೊಳಗೆ ಪೆನ್ಸಿಲ್ಲಿನ ಸೀಸ ಉಜ್ಜಿದರೆ ಮೂರು ತಿಂಗಳು ತಂಟೆಯಿಲ್ಲ. ಸ್ಟ್ರಾಟಿನ ತಂತಿಗಳು ನೇರವಾಗಿ ಹೋಗುತ್ತವೆ, ಆ ತೊಂದರೆ ಕಡಿಮೆ. ಆದರೆ ತಂತಿಗಳ ಇನ್ನೊಂದು ತುದಿಯನ್ನು ಹಿಡಿದಿರುವ ಅದರ ಬ್ರಿಡ್ಜು ಸ್ಪ್ರಿಂಗುಗಳ ಮೇಲೆ ತೂಗಾಡುವಂಥದ್ದು. ಒಂದು ತಂತಿ ಕಡಿದರೆ ತೂಕ ತಪ್ಪಿ ಉಳಿದ ಐದೂ ಶ್ರುತಿ ಬಿಡುತ್ತವೆ. ಇನ್ನು ವಾಲಿದ ತಲೆಯ ಬೆಲೆಯನ್ನೂ ತೆತ್ತಿದ್ದೇನೆ. ಗೋಡೆಗೆ ಒರಗಿಸಿದ್ದ ಲೆಸ್ ಪಾಲ್ ಒಂದು ಮಧ್ಯಾಹ್ನ ಜಾರಿ ಬೆನ್ನಡಿಯಾಗಿ ಬಿತ್ತು, ನಟ್ಟಿನ ಹಿಂದೆ ಕೂದಲೆಳೆಯ ಬಿರುಕು. ಅಂಟು ಹಾಕಿ ಬಿಗಿದ ಮೇಲೆ ದನಿಯಲ್ಲಿ ವ್ಯತ್ಯಾಸವಿಲ್ಲ, ಆದರೂ ಹೆಬ್ಬೆರಳು ಪ್ರತಿ ಸಲ ಆ ಗೆರೆಯನ್ನು ಹುಡುಕಿಕೊಂಡು ಹೋಗುತ್ತದೆ.

ಸೀಸ ಉಜ್ಜುವ ಆ ಪೆನ್ಸಿಲ್ಲಿಗೆ ಮೊದಲು ಇದ್ದ ಕೆಲಸ ಬೇರೆ: ಸಡಿಲಾದ ಕ್ಯಾಸೆಟ್ ಟೇಪನ್ನು ಸುತ್ತುವುದು. ಆರು ಮೂಲೆಯ ಪೆನ್ಸಿಲ್ ಕ್ಯಾಸೆಟ್ಟಿನ ಹಲ್ಲಿನ ಚಕ್ರಕ್ಕೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು. ಡೈರ್ ಸ್ಟ್ರೇಟ್ಸ್‌ನ 1985ರ ಅದೇ ಆಲ್ಬಮ್ ನನ್ನ ಬಳಿ ಮೂರು ರೂಪದಲ್ಲಿದೆ: ಗೆಳೆಯ ತುಂಬಿಸಿಕೊಟ್ಟ ಕ್ಯಾಸೆಟ್, ಎಲ್‌ಪಿ, ಸಿಡಿ. ದನಿಯಲ್ಲಿ ಕ್ಯಾಸೆಟ್ ಸ್ಪರ್ಧೆಗೇ ಇಲ್ಲ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ತೆವಳುವ ಆ ಸಣ್ಣ ಪಟ್ಟಿಯ ಮೇಲೆ ತಾಳದ ತಟ್ಟೆಗಳ ಮಿನುಗು ಮಸುಕಾಗಿ ಹಿಸ್ಸೆನ್ನುತ್ತದೆ.

ಎಲ್‌ಪಿ ಮತ್ತು ಸಿಡಿಯ ನಡುವೆ ನಾನು ವರ್ಷಗಟ್ಟಲೆ ಎಲ್‌ಪಿಯ ವಕೀಲನಾಗಿದ್ದೆ, ಬೆಚ್ಚನೆಯ ದನಿ ಇತ್ಯಾದಿ. ಎರಡನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿದಾಗ ವಕಾಲತ್ತು ಬಿದ್ದುಹೋಯಿತು. ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ತೋಡು ಹಾದುಹೋಗುತ್ತದೆ, ಒಳ ಅಂಚಿಗೆ ಬರುವಾಗ 20ರ ಆಸುಪಾಸು. ತಟ್ಟೆ ತಿರುಗುವ ವೇಗ ಅದೇ, ಆದರೆ ಸುತ್ತು ಕಿರಿದು. ಹಾಗಾಗಿ ಪ್ರತಿ ಮಗ್ಗುಲಿನ ಕೊನೆಯ ಹಾಡಿನಲ್ಲಿ ‘ಸ’ಕಾರಗಳು ಒರಟಾಗುತ್ತವೆ. ಸಿಡಿಗೆ ಈ ಮುಪ್ಪಿಲ್ಲ. ಮೇಲಾಗಿ ಈ ಆಲ್ಬಮ್ ಸಿಡಿಯಲ್ಲಿ 55 ನಿಮಿಷ. ಎಲ್‌ಪಿಯ ಎರಡು ಮಗ್ಗುಲಿಗೆ ಹಿಡಿಸಲು ಕೆಲವು ಹಾಡುಗಳನ್ನು ಮೊಟಕುಗೊಳಿಸಿದ್ದರು. ನಾನು ಬೆಚ್ಚಗಿದೆ ಎಂದು ಹೊಗಳುತ್ತಿದ್ದುದು ಕತ್ತರಿ ಬಿದ್ದ ಪ್ರತಿಯನ್ನು.

ಹಾಗೆಂದು ಎಲ್ಲ ಸಿಡಿಯೂ ಸಾಚಾ ಅಲ್ಲ. ಎಪ್ಪತ್ತರ ದಶಕದ ಇನ್ನೊಂದು ತಂಡದ ರೆಕಾರ್ಡಿನ ‘ಹೊಸದಾಗಿ ಸಂಸ್ಕರಿಸಿದ’ ಸಿಡಿ ತಂದಾಗ ಮೊದಲ ಐದು ನಿಮಿಷ ಮೂಗಿನ ಮೇಲೆ ಬೆರಳಿಟ್ಟೆ. ವಾಲ್ಯೂಮ್ ಸರಿತೂಗಿಸಿದ ಮೇಲೆ ಗೊತ್ತಾಯಿತು, ಪಿಸುಮಾತನ್ನು ಏರಿಸಿ, ಡ್ರಮ್ಮಿನ ಪೆಟ್ಟನ್ನು ಅದುಮಿ ಎಲ್ಲವನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದ ಬೇಲಿ ಮಾಡಿಟ್ಟಿದ್ದರು. ಅದೊಂದನ್ನು ಮಾತ್ರ ಎಲ್‌ಪಿಯಲ್ಲೇ ಕೇಳುತ್ತೇನೆ.

ಈಗ ಸ್ಟ್ಯಾಂಡಿನ ಮೇಲೆ ಸ್ಟ್ರಾಟ್ ಇದೆ, ಲೆಸ್ ಪಾಲ್ ಮಂಚದ ಕೆಳಗೆ ಪೆಟ್ಟಿಗೆಯಲ್ಲಿ. ಕ್ಯಾಸೆಟ್ ಪ್ಲೇಯರ್ ಸತ್ತು ಬಹಳ ಕಾಲವಾಯಿತು, ಪೆನ್ಸಿಲ್ ಗೇಣುದ್ದದಿಂದ ಬೆರಳುದ್ದಕ್ಕೆ ಇಳಿದು ಪೆಟ್ಟಿಗೆಯಲ್ಲೇ ಬಿದ್ದಿದೆ. ಕಳೆದ ತಿಂಗಳು ಗೆಳೆಯನಿಂದ ಟೆಲಿಕಾಸ್ಟರ್ ಮಾದರಿಯದೊಂದನ್ನು ಎರವಲು ತಂದೆ, ಎರಡು ದಿನದ ಮಟ್ಟಿಗೆ, ಪೇಜ್ ಅವರ ಆ ಮೊದಲ ಆಲ್ಬಮ್ಮಿನ ದನಿ ನಿಜವಾಗಿ ಎಲ್ಲಿತ್ತೆಂದು ನೋಡಲು. ಮೂರು ವಾರವಾಯಿತು. ಅವನು ಕೇಳಿಲ್ಲ, ನಾನೂ ನೆನಪಿಸಿಲ್ಲ.